ಮನವಿ ಕೊಟ್ಟ ಮರುದಿನ ಏನ್ ಮಾಡ್ತೀರಿ?

(ರಾಯಚೂರಿನಾಗ ಡಿಗ್ರಿ ವಿದ್ಯಾರ್ಥಿಗಳ ಎದುರು ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರಕೊಂಡದ್ದು, ಮಾತಿನ ಧಾಟಿ ಹಂಗೇ ಬಿಟ್ಟೀವಿ.)

ಈ ಹಾಲ್‌ನಾಗ ಕುಂತವ್ರಲ್ಲಿ ಒಂದ್ಸಲನಾದ್ರೂ ತಹಶೀಲ್ದಾರ್ ಆಫೀಸಿಗೋ ಡಿಸಿ ಆಫೀಸಿಗೋ ಮನವಿ ಪತ್ರ ಹಿಡ್ಕೊಂಡು ಹೋದವ್ರು ಕೈ ಎತ್ರಿ. ನೋಡ್ರಿ, ಅರ್ಧಕ್ಕರ್ಧ ಕೈ ಮ್ಯಾಲ ಅದಾವ, ಛಲೋ ಆತು. ಈಗ ಆ ಮನವಿ ಮುಂದ ಏನಾತು, ಯಾರ ಟೇಬಲ್‌ಗೆ ಹೋತು, ಯಾರು ಅದಕ್ಕ ಉತ್ತರ ಬರದ್ರು ಅಂತ ಗೊತ್ತಿದ್ದವ್ರು ಮಾತ್ರ ಕೈ ಹಂಗೇ ಇಡ್ರಿ, ಉಳಿದವ್ರು ಇಳಸ್ರಿ. ಹಿಂದಿನ ಸಾಲಿನಾಗ ಒಂದೇ ಒಂದು ಕೈ ಉಳೀತು. ನಾ ಇವತ್ತು ಮಾತಾಡ್ಬೇಕಂತ ಬಂದದ್ದು ಇದರ ಬಗ್ಗೆನ.

ನಾವ್ ಮಾಡೋದು ಹೆಂಗದ ಅಂದ್ರ, ರಾತ್ರಿ ವಾಟ್ಸಾಪ್ ಗ್ರೂಪ್‌ನಾಗ ಮೆಸೇಜ್ ಹೋಗ್ತದ, ಬೆಳಿಗ್ಗೆ ಕಾಲೇಜ್ ಗೇಟ್ ಹತ್ರ ಮಂದಿ ಕೂಡ್ತಾರ, ಘೋಷಣೆ ಕೂಗ್ಕೋತ ಸರ್ಕಲ್ ತನಕ ಹೋಗ್ತೀವಿ, ಬಿಸಿಲಾಗ ಕುಂದರ್ತೀವಿ, ಸಾಹೇಬ್ರು ಹೊರಗ ಬಂದು ಮನವಿ ತಗೋತಾರ, "ಪರಿಶೀಲಿಸ್ತೀವಿ" ಅಂತಾರ, ಫೋಟೋ ಆಗ್ತದ, ಮರುದಿನ ಪೇಪರಿನ ಜಿಲ್ಲಾ ಪುಟದಾಗ ಎರಡು ಕಾಲಂ ಸುದ್ದಿ, ಎಲ್ಲರ ಸ್ಟೇಟಸ್‌ನಾಗೂ ಅದೇ ಕಟಿಂಗ್. ಇದನ್ನ ನಾ ಸಣ್ಣದು ಮಾಡಿ ಹೇಳಾಕತ್ತಿಲ್ಲ. ನಮ್ಮ ಕಡೆ ಮನಿಯೊಳಗ ಮೊದಲನೇ ಸಲ ಕಾಲೇಜ್ ಮೆಟ್ಟಿಲು ಹತ್ತಿದ ಹುಡುಗ, ಹುಡುಗಿ ಬೀದಿಗೆ ಬಂದು ಕೇಳೋದಕ್ಕ ಭಾಳ ಧೈರ್ಯ ಬೇಕು. ಆದ್ರ ನೀವು ಮನಿಗೆ ಹೋದ ಮ್ಯಾಲ ಆ ಕಾಗದ ಟಪಾಲ್ ಸೆಕ್ಷನ್‌ಗೆ ಹೋಗ್ತದ, ಅದಕ್ಕೊಂದು ನಂಬರ್ ಬೀಳ್ತದ, ಅಲ್ಲಿಂದ ಕೇಸ್ ವರ್ಕರ್ ಹತ್ರ, ಅಲ್ಲಿಂದ ಇನ್ನೊಂದು ಇಲಾಖೆಗೆ. ಆ ನಂಬರ್ ನಿಮ್ಮ ಹತ್ರ ಇಲ್ಲ ಅಂದ್ರ ಮುಂದ ಕೇಳಾಕ ನಿಮಗ ಹಿಡಿನೇ ಇಲ್ಲ. ಮನವಿಯ ಎರಡನೇ ಪ್ರತಿ ಮ್ಯಾಲ ಸೀಲು, ಸಹಿ, ತಾರೀಖು ಹಾಕಿಸ್ಕೊಂಡು ಬರ್ರಿ ಅಂತ ನಾ ಎಲ್ಲಿ ಹೋದ್ರೂ ಹೇಳ್ತೀನಿ. ಸ್ವೀಕೃತಿ ಇಲ್ಲದ ಮನವಿ ಕೊಟ್ಟೂ ಕೊಡದಂಗ.

ಇನ್ನೊಂದು ಮಾತು ನನ್ನ ಕಿವಿಗೆ ಬೀಳ್ತಿರ್ತದ, "ಏ ಇವ್ರು ಬರೀ ಸಾಂಬಾರ್, ಸಂಡಾಸ್, ಬಸ್ ಅಂತ ಹೋರಾಟ ಮಾಡ್ತಾರ, ಸಮಾಜ ಬದಲಾವಣೆ ಅಂದ್ರ ಇದಾ?" ಅಂತ. ಹಿರಿಯರು ಅಂತಾರ, ನಿಮ್ಮೊಳಗೇ ಕೆಲವರು ಅಂತೀರಿ. 1973ರ ಡಿಸೆಂಬರ್ ತಿಂಗಳು, ಅಹಮದಾಬಾದಿನ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನಾಗ ಹಾಸ್ಟೆಲ್ ಮೆಸ್ ಬಿಲ್ 20 ಪರ್ಸೆಂಟ್ ಏರಿಸಿದ್ರು. ಹುಡುಗ್ರು ಎದ್ರು. ಮೆಸ್ ಬಿಲ್ ಯಾಕ ಏರ್ತು ಅಂತ ಕೇಳಿದ್ರ ಎಣ್ಣಿ, ಧಾನ್ಯದ ರೇಟ್ ಏರ್ಯಾದ, ಅದ್ಯಾಕ ಏರ್ತು ಅಂತ ಕೇಳಿದ್ರ ಸರ್ಕಾರದಾಗ ಭ್ರಷ್ಟಾಚಾರ, ಹಿಂಗ ಒಂದರ ಹಿಂದ ಒಂದು ಪ್ರಶ್ನೆ ಬಂದು ಇಡೀ ಗುಜರಾತೇ ಬೀದಿಗೆ ಬಂತು. ನವನಿರ್ಮಾಣ ಆಂದೋಲನ ಅಂತಾರ ಅದಕ್ಕ. 1974ರ ಫೆಬ್ರವರಿ 9ಕ್ಕ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ರು. ಸರ್ಕಾರ ಬೀಳಿಸಿದ್ದೇ ದೊಡ್ಡದು ಅಂತ ನಾ ಇದನ್ನ ಹೇಳಿಲ್ಲ. ತಾಟಿನಾಗಿನ ಅನ್ನದಿಂದ ಶುರುವಾದ ಪ್ರಶ್ನೆನ ಆ ಹುಡುಗ್ರು ಅಲ್ಲಿಗೇ ಬಿಡಲಿಲ್ಲ, ಅದು ನನಗ ಮುಖ್ಯ ಅನಿಸ್ತದ.

ಅಷ್ಟು ದೂರ ಯಾಕ, ನಮ್ಮ ನೆಲದ್ದೇ ಹೇಳ್ತೀನಿ. ರಾಯಚೂರು, ಕೊಪ್ಪಳ ನಿಜಾಮನ ರಾಜ್ಯದಾಗ ಇದ್ದಾಗ ದೊಡ್ಡ ಓದು ಅಂದ್ರ ಹೈದರಾಬಾದ್, ಉಸ್ಮಾನಿಯಾ ಯೂನಿವರ್ಸಿಟಿ. 1938ರಾಗ ಅಲ್ಲಿ ಹಾಸ್ಟೆಲ್ ಪ್ರಾರ್ಥನೆಯೊಳಗ ವಂದೇ ಮಾತರಂ ಹಾಡಬಾರದು ಅಂದ್ರು, ವಿದ್ಯಾರ್ಥಿಗಳು ಕ್ಲಾಸ್ ಬಿಟ್ರು, ಗುಂಪು ಗುಂಪಾಗಿ ಅವ್ರನ್ನ ಹೊರಗ ಹಾಕಿದ್ರು. ಆಮ್ಯಾಲ ಅವ್ರಿಗೆ ನಾಗಪುರ ಯೂನಿವರ್ಸಿಟಿ ಸೀಟ್ ಕೊಡ್ತು. ಹಂಗ ಹೋದವ್ರೊಳಗ ಪಿ.ವಿ. ನರಸಿಂಹರಾವ್ ಒಬ್ರು, ಮುಂದ ಪ್ರಧಾನಿ ಆದವ್ರು. ಇದ್ರಾಗ ಎಲ್ಲರೂ ಹಾಡಿನ ಬಗ್ಗೆ ಹೇಳ್ತಾರ, ನನ್ನ ಲಕ್ಷ್ಯ ಹೋಗೋದು ನಾಗಪುರದ ಕಡೆ. ಹೊರಗ ಬಿದ್ದ ಹುಡುಗ್ರ ಓದು ನಿಲ್ಲಬಾರದು ಅಂತ ಯಾರೋ ಓಡಾಡ್ಯಾರ, ಪತ್ರ ಬರದಾರ, ರೈಲ್ ಚಾರ್ಜ್ ಕೂಡ್ಸ್ಯಾರ, ಉಳ್ಕೊಳ್ಳಾಕ ಜಾಗ ನೋಡ್ಯಾರ, ಇಲ್ಲಂದ್ರ ಅದು ಆಗೋ ಮಾತಲ್ಲ. ಹೋರಾಟಕ್ಕ ಬಂದವ್ರ ಮ್ಯಾಲ ಕಷ್ಟ ಬಂದ್ರ ಅವ್ರನ್ನ ನೋಡ್ಕೊಳ್ಳೋದು ಯಾರು ಅಂತ ನಾವು ಮೊದಲೇ ಮಾತಾಡ್ಕೊಂಡಿರ್ತೀವಾ? ಮುಂದ ವಿಮೋಚನೆ ಹೋರಾಟದಾಗ ಗಡಿ ದಾಟಿ ಮುಂಡರಗಿ ಶಿಬಿರಕ್ಕ, ಅಳವಂಡಿ ಶಿವಮೂರ್ತಿ ಸ್ವಾಮಿಗಳ ಹತ್ರ ಹೋದವ್ರು ಅದಾರ, 1948ರ ಸೆಪ್ಟೆಂಬರ್ 17ಕ್ಕ ನಾವು ಭಾರತದೊಳಗ ಬಂದದ್ದು. ಇದೇ ರಾಯಚೂರಿನಾಗ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದ್ರು, ನಿಜಾಮನ ಕಾಲದಾಗ, ಎಲ್ಲಾ ಧರ್ಮದ ಹುಡುಗ್ರು ಒಂದೇ ಕಡೆ ಕುಂತು ಓದ್ಲಿ ಅಂತ. ಇದು ವಿಷಯದಿಂದ ಸ್ವಲ್ಪ ಸರದದ್ದು, ಆದ್ರ ಈ ಊರಿನಾಗ ನಿಂತು ವಿದ್ಯಾರ್ಥಿಗಳ ಬಗ್ಗೆ ಮಾತಾಡುವಾಗ ತಾರಾನಾಥರ ಹೆಸರು ತಗೋಳ್ದೆ ಮುಂದ ಹೋಗಾಕ ನನಗ ಮನಸ್ಸು ಬರಂಗಿಲ್ಲ.

ಈಗ 371(ಜೆ)ಗೆ ಬರ್ತೀನಿ, ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕ ವಿಶೇಷ ಸವಲತ್ತು ಕೊಟ್ಟ ಸಂವಿಧಾನದ ಕಲಂ. ನಿಮ್ಮೊಳಗ ಎಷ್ಟೋ ಮಂದಿ ಎಸಿ (ಅಸಿಸ್ಟಂಟ್ ಕಮಿಷನರ್) ಆಫೀಸ್‌ನಾಗ ಆ ಸರ್ಟಿಫಿಕೇಟ್ ಮಾಡ್ಸಿರ್ತೀರಿ, ನಿಮ್ಮ ಅಣ್ಣ ಅಕ್ಕ ಅದರ ಮ್ಯಾಲೇ ಇಂಜಿನಿಯರಿಂಗ್, ಮೆಡಿಕಲ್ ಸೀಟ್ ತಗೊಂಡಿರ್ತಾರ. ನಮ್ಮ ಭಾಗದ ಕಾಲೇಜ್‌ಗಳಾಗ 70 ಪರ್ಸೆಂಟ್, ರಾಜ್ಯಮಟ್ಟದ ಸಂಸ್ಥೆಗಳಾಗ 8 ಪರ್ಸೆಂಟ್ ಸೀಟು ನಮ್ಮವ್ರಿಗೆ ಅಂತ. 2012ರ ಡಿಸೆಂಬರ್‌ನಾಗ ಪಾರ್ಲಿಮೆಂಟ್ ಒಪ್ಪಿತು, ಸಂವಿಧಾನದ 98ನೇ ತಿದ್ದುಪಡಿ. ಆದ್ರ ವೈಜನಾಥ ಪಾಟೀಲರಂಥವ್ರು ಅದಕ್ಕ ವರ್ಷಗಟ್ಟಲೆ ಓಡಾಡ್ಯಾರ, ಎಷ್ಟು ಸಲ ಇಲ್ಲ ಅನಿಸ್ಕೊಂಡಾರ. ಆ ಹೋರಾಟಕ್ಕ ಬೆನ್ನೆಲುಬು ಕೊಟ್ಟದ್ದು ಒಂದು ರಿಪೋರ್ಟ್, 2002ರ ನಂಜುಂಡಪ್ಪ ಸಮಿತಿ ವರದಿ. ರಾಜ್ಯದಾಗ 114 ತಾಲ್ಲೂಕು ಹಿಂದುಳಿದಾವ, ಅದ್ರಾಗ 39 ಅತ್ಯಂತ ಹಿಂದುಳಿದವು, ಆ 39ರಾಗ 21 ನಮ್ಮ ಕಲಬುರಗಿ ವಿಭಾಗದಾಗನ ಅದಾವ ಅಂತ ಲೆಕ್ಕ ಹಾಕಿ ಬರದ್ರು. "ನಮಗ ಅನ್ಯಾಯ ಆಗ್ಯಾದ" ಅಂದ್ರ ಬೆಂಗಳೂರಿನಾಗ ಕೇಳ್ತಿದ್ದಿಲ್ಲ, "39ರಾಗ 21" ಅಂದ ಮ್ಯಾಲ ಇಲ್ಲ ಅನ್ನಾಕ ಆಗಲಿಲ್ಲ. ನಿಮ್ಮ ಕಾಲೇಜ್ ಬೇಡಿಕೆಗೂ ಹಿಂಗೇ ಒಂದು ಅಂಕಿ ಬೇಕು.

ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕು ಅಂತ ನಡದ ಧರಣಿ ನೋಡೀರಿ ನೀವೆಲ್ಲ. 2022ರ ಮೇ ತಿಂಗಳಾಗ ಕುಂತವ್ರು ಸಾವಿರ ದಿನ ದಾಟಿಸ್ಯಾರ. ಐಐಟಿ ನಮಗ ಬರ್ತದಂತ ಕಾದು ಅದು ಧಾರವಾಡಕ್ಕ ಹೋದ ನೋವು ಈ ಊರಿಗೆ ಇನ್ನೂ ಅದ. ಬಿಸಿಲು ಮಳಿ ಅನ್ನದ ದಿನಾ ಬಂದು ಕುಂದ್ರೋ ಆ ಹಿರಿಯರ ಕಡೆ ನೋಡಿದ್ರ ನನಗ ಗೌರವ ಉಕ್ಕಿ ಬರ್ತದ. ರಾಜ್ಯ ಸರ್ಕಾರ ರಾಯಚೂರಿನ ಹೆಸರು ಕೇಂದ್ರಕ್ಕ ಶಿಫಾರಸು ಮಾಡಿದ್ದರ ಹಿಂದ ಈ ಕುಂತದ್ದರ ತೂಕ ಅದ. ಒಂದ್ ದಿನ ಹೋಗಿ ಅವ್ರ ಪಕ್ಕ ಕುಂತು ಬರ್ರಿ, ಲೈಬ್ರರಿಯಾಗ ಸಿಗದ ಪಾಠ ಅಲ್ಲಿ ಅದ.

ಈಗ ಬಸ್ಸಿನ ವಿಷಯ. ಇದನ್ನ ಸ್ವಲ್ಪ ನಿಧಾನಕ್ಕ ಹೇಳ್ತೀನಿ, ಯಾಕಂದ್ರ ಈ ಹಾಲ್‌ನಾಗ ದೇವದುರ್ಗ, ಸಿರವಾರ, ಮಾನ್ವಿ ಕಡೆಯಿಂದ ದಿನಾ ಪಾಸ್ ಮ್ಯಾಲ ಬರೋರು ಭಾಳ ಅದೀರಿ. ನನಗ ಗೊತ್ತಿರೋ ಒಂದು ತಾಲ್ಲೂಕು ಕಾಲೇಜಿನಾಗ ನಡದದ್ದು, ಊರಿನ ಹೆಸರು ಬ್ಯಾಡ. ಬೆಳಗಿನ ಬಸ್ ಮೊದಲನೇ ಊರಾಗ ತುಂಬಿ ಬರ್ತಿತ್ತು, ಮುಂದಿನ ಊರಿನ ಸ್ಟಾಪ್‌ನಾಗ ಪಾಸ್ ಹುಡುಗ್ರು ನಿಂತಾರ ಅಂದ್ರ ಡ್ರೈವರ್ ನಿಲ್ಸ್ತಿದ್ದಿಲ್ಲ, ಮುಂದ ಹೋಗಿ ಬ್ರೇಕ್ ಹಾಕೋದು, ಹುಡುಗ್ರು ಓಡೋದು, ಹುಡುಗೇರು ಬ್ಯಾಗ್ ಹಿಡ್ಕೊಂಡು ಓಡಾಕಾಗದೆ ಅಲ್ಲೇ ಉಳಿಯೋದು. ಒಂದು ವರ್ಷ ಹುಡುಗ್ರು ಸಿಟ್ಟಿಗೆದ್ದು ರಸ್ತಾ ರೋಖೋ ಮಾಡಿದ್ರು. ಪೊಲೀಸ್ರು ಬಂದ್ರು, ಡಿಪೋದವ್ರು ಬಂದ್ರು, ಒಂದು ಬಸ್ ಹೆಚ್ಚಿಗಿ ಬಿಟ್ರು. ಕೆಲವು ದಿನ ಬಂತು, ಆಮ್ಯಾಲ ನಿಂತ್ತು. ಕೇಳಾಕ ಹೋದ್ರ ಆ ಮುಂದಾಳು ಹುಡುಗ್ರು ಫೈನಲ್ ಇಯರ್ ಮುಗಿಸಿ ಬೆಂಗಳೂರಿಗೆ ಹೋಗಿದ್ರು.

ಮುಂದಿನ ವರ್ಷ ಬಿಎ ಎರಡನೇ ವರ್ಷದ ಇಬ್ಬರು ಹುಡುಗೇರು ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ರು. ದಿನಾ ತಾರೀಖು, ಬಸ್ ನಂಬರ್, ಎಷ್ಟೊತ್ತಿಗೆ ಬಂತು, ನಿಂತ್ತೋ ಇಲ್ಲೋ, ಸ್ಟಾಪ್‌ನಾಗ ಎಷ್ಟು ಮಂದಿ ಉಳದ್ರು, ಅದ್ರಾಗ ಹುಡುಗೇರು ಎಷ್ಟು, ಯಾವ ಪಿರಿಯಡ್ ತಪ್ತು, ಕೆಳಗ ನಿಂತಿದ್ದವ್ರ ಸಹಿ. ಇಷ್ಟೇ. ತಿಂಗಳ ಮ್ಯಾಲ ಆ ನೋಟ್‌ಬುಕ್ ಜೆರಾಕ್ಸ್ ಮಾಡ್ಸಿ, ಪ್ರಿನ್ಸಿಪಾಲರ ಪತ್ರ, ಗ್ರಾಮ ಪಂಚಾಯ್ತಿ ಪತ್ರ ಜೋಡಿಸಿ ಡಿಪೋ ಮ್ಯಾನೇಜರ್ ಹತ್ರ ಹೋದ್ರು. ಮ್ಯಾನೇಜರ್ ಸಾಹೇಬ್ರು "ಯಾವ ಬಸ್ಸಮ್ಮ, ಯಾವತ್ತು?" ಅಂತ ಕೇಳಿದ್ರು. ಇವ್ರು ಪೇಜ್ ತಗದು ತೋರ್ಸಿದ್ರು. ಆ ಮನುಷ್ಯನ ಮುಖದ ಮ್ಯಾಲಿನ ಬ್ಯಾಸರ ಹೋಗಿ, ಕುರ್ಚಿ ಹಾಕ್ಸಿ ಕುಂದ್ರಿಸಿ ಮಾತಾಡಿದ್ರಂತ. ಹದಿನೈದು ದಿನಕ್ಕ ಒಂದ್ಸಲ ಇಬ್ಬಿಬ್ಬರು ಹೋಗಿ ಕೇಳೋದು ಬಿಡಲಿಲ್ಲ, ಬೆಳಗಿನ ಟ್ರಿಪ್ ಬಂತು, ಮತ್ತ ನೋಟ್‌ಬುಕ್ ಬರಿಯೋದೂ ನಿಲ್ಸಲಿಲ್ಲ, ಅದಕ್ಕ ಆ ಟ್ರಿಪ್ ಉಳೀತು.

ಇದು ಬರೀ ಬಸ್ಸಿನ ಕತಿ ಅನ್ನಬ್ಯಾಡ್ರಿ. ಸಂಜಿ ಬಸ್ ತಪ್ತಂದ್ರ ಹುಡುಗಿ ಊರು ಮುಟ್ಟೋದು ಕತ್ತಲಿಗೆ, ಒಂದ್ಸಲ ಎರಡ್ಸಲ ಹಂಗಾದ್ರ ಓಣಿಯೊಳಗ ಮಾತು ಶುರು, ಅಪ್ಪ "ಸಾಕು ಓದಿದ್ದು" ಅಂತಾನ, ಮುಂದಿನ ತಿಂಗಳು ನೋಡಾಕ ಗಂಡಿನ ಕಡೆಯವ್ರು ಬರ್ತಾರ. ಕರ್ನಾಟಕದಾಗ 2016ರ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಆದ್ರೂ ಅದು ಮದುವಿನೇ ಅಲ್ಲ, ಶುರುವಿನಿಂದಲೇ ಅಸಿಂಧು, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡಿದ್ರ ಅಧಿಕಾರಿಗಳು ಬರ್ತಾರ. ಆದ್ರ ಹದಿನೆಂಟು ತುಂಬಿದ ಮರುದಿನ ಓದು ಬಿಡ್ಸಿ ಮಾಡೋ ಮದುವಿಗೆ ಯಾವ ಹೆಲ್ಪ್‌ಲೈನೂ ಇಲ್ಲ. ಅದನ್ನ ತಡಿಯೋದು ಹೊತ್ತಿಗೆ ಸರಿಯಾಗಿ ಬರೋ ಬಸ್ಸು, ಕಾಲೇಜಿನಾಗ ನೀರಿರೋ ಶೌಚಾಲಯ, ಹಾಸ್ಟೆಲ್‌ನಾಗ ಒಂದು ಸೀಟು. 2023ರ ಜೂನ್‌ನಿಂದ ಶಕ್ತಿ ಯೋಜನೆಯೊಳಗ ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆತು, ಎಷ್ಟೋ ಅಪ್ಪಂದಿರ ಜೇಬು ಉಳೀತು, ಭಾಳ ದೊಡ್ಡ ಉಪಕಾರ. ಈಗ ಬಸ್ಸೂ ಬರಬೇಕು. ಆ ಇಬ್ಬರು ಹುಡುಗೇರು ನೋಟ್‌ಬುಕ್‌ನಾಗ ಹುಡುಗೇರ ಲೆಕ್ಕ ಬ್ಯಾರೆ ಬರದ್ರಲ್ಲ, ಅವ್ರಿಗೆ ಇದೆಲ್ಲ ಗೊತ್ತಿತ್ತು.

ರಸ್ತಾ ರೋಖೋ ಮಾಡಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಕೆಲವೊಮ್ಮೆ ಬ್ಯಾರೆ ದಾರಿ ಉಳಿದಿರಂಗಿಲ್ಲ. ಆದ್ರ ಕೇಸ್ ಬಿದ್ರ ನಾಳೆ ನೌಕರಿಯ ಪೊಲೀಸ್ ವೆರಿಫಿಕೇಶನ್‌ನಾಗ ಅದು ಎದ್ದು ನಿಲ್ತದ, ಪಿಎಸ್‌ಐ, ಕೆಎಎಸ್ ಅಂತ ಕನಸು ಕಟ್ಟಿದ ಬಡವರ ಮನಿ ಹುಡುಗನ ಮ್ಯಾಲ ಆ ಭಾರ ಬೀಳ್ತದ. ಕರ್ಕೊಂಡು ಹೋಗೋ ಮುಂದಾಳು ಇದನ್ನ ಮೊದಲೇ ಬಿಡಿಸಿ ಹೇಳ್ಬೇಕು, ಹೇಳಿದ ಮ್ಯಾಲ ಯಾರು ಬರ್ತಾರೋ ಅವ್ರನ್ನಷ್ಟೇ ಕರ್ಕೊಂಡು ಹೋಗ್ಬೇಕು.

ಕಾಲೇಜ್ ಒಳಗ ಕೆಲವು ಬಾಗಿಲು ಕಾನೂನೇ ತಗದು ಇಟ್ಟದ, ನಾವು ಹೋಗಿ ಬಡಿದಿಲ್ಲ. ಯುಜಿಸಿ 2023ರ ನಿಯಮ ಪ್ರಕಾರ ಪ್ರತಿ ಕಾಲೇಜಿನಾಗ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರ್ಬೇಕು, ದೂರು ಬಂದ 15 ಕೆಲಸದ ದಿನದಾಗ ವರದಿ ಕೊಡ್ಬೇಕು, ಸಮಾಧಾನ ಆಗ್ಲಿಲ್ಲ ಅಂದ್ರ ಯೂನಿವರ್ಸಿಟಿಯ ಓಂಬುಡ್ಸ್‌ಪರ್ಸನ್, ಅಂದ್ರ ವಿದ್ಯಾರ್ಥಿಗಳ ಮೇಲ್ಮನವಿ ಕೇಳೋ ಅಧಿಕಾರಿ, ಅವ್ರ ಹತ್ರ ಮೇಲ್ಮನವಿ ಹೋಗ್ತದ. ಲೈಂಗಿಕ ಕಿರುಕುಳದ ದೂರು ಕೇಳೋ ಆಂತರಿಕ ಸಮಿತಿ ಬ್ಯಾರೆ ಅದ, 2015ರ ನಿಯಮದಾಗ ವಿದ್ಯಾರ್ಥಿಗಳಿಗೆ ಸಂಬಂಧಪಟ್ಟ ದೂರು ಇದ್ದಾಗ ಅದ್ರಾಗ ಮೂರು ಮಂದಿ ವಿದ್ಯಾರ್ಥಿಗಳು ಇರ್ಬೇಕು, ಅವ್ರನ್ನ ವಿದ್ಯಾರ್ಥಿಗಳೇ ಆರಿಸಿ ಕಳಿಸ್ಬೇಕು ಅಂತ ಬರದಾರ. ನಿಮ್ಮ ಕಾಲೇಜಿನ ಆ ಮೂರು ಹೆಸರು ಯಾರಿಗಾದ್ರೂ ಗೊತ್ತದ ಏನು? ನೋಟಿಸ್ ಬೋರ್ಡ್ ಮ್ಯಾಲ ಇರ್ಬೇಕದು. ಕರ್ನಾಟಕದಾಗ 1989-90ರ ಸುಮಾರಿಗೆ ಕಾಲೇಜ್ ಚುನಾವಣೆ ನಿಂತ್ವು, ನಿಮ್ಮ ಅಪ್ಪ ಅವ್ವನ ಕಾಲದಾಗೇ ನಿಂತದ್ದು, ಹಂಗಾಗಿ ಓಟು ಹಾಕಿ ಪ್ರತಿನಿಧಿ ಆರಿಸೋದು ಹೆಂಗ ಅನ್ನೋದೇ ನಮ್ಮ ಹುಡುಗ್ರಿಗೆ ಗೊತ್ತಿಲ್ಲ. ಚುನಾವಣೆ ಮತ್ತ ಬರ್ಬೇಕು ಅನ್ನೋದು ನನ್ನ ಅಭಿಪ್ರಾಯ. ರೊಕ್ಕ, ಜಾತಿ, ಗಲಾಟೆ ಅಂತ ಹೆದರೋರ ಹೆದರಿಕೆ ಖರೇ ಅದ, ಅದಕ್ಕ 2006ರಾಗ ಲಿಂಗ್ಡೋ ಸಮಿತಿ ಅಭ್ಯರ್ಥಿಗೆ ಐದು ಸಾವಿರ ರೂಪಾಯಿ ಖರ್ಚಿನ ಮಿತಿ, ಹಾಜರಾತಿ, ವಯಸ್ಸು ಎಲ್ಲಾ ಹಾಕಿ ಕೊಟ್ಟದ. ಮಾಹಿತಿ ಹಕ್ಕು ಅರ್ಜಿ ಗೊತ್ತಿರ್ತದ ನಿಮಗ, 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ, ನಮ್ಮ ರಾಜ್ಯದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗ ಇರ್ಲಿ. "ನಮ್ಮ ಮನವಿ ಮ್ಯಾಲ ಏನು ಕ್ರಮ ಆಗ್ಯಾದ, ಟಿಪ್ಪಣಿ ಪ್ರತಿ ಕೊಡ್ರಿ" ಅಂತ ಒಂದು ಸಾಲು ಬರದ್ರ ಮಲಗಿದ ಕಡತ ಎದ್ದು ಕುಂದರ್ತದ.

ಕೊಪ್ಪಳದಾಗ 2025ರ ಫೆಬ್ರವರಿ 24ಕ್ಕ ಉಕ್ಕಿನ ಕಾರ್ಖಾನೆ ವಿಸ್ತರಣೆ ಬ್ಯಾಡ ಅಂತ ಬಂದ್ ಆತಲ್ಲ, ಗವಿಮಠದ ಸ್ವಾಮಿಗಳು ಬಂದು ಮಾತಾಡಿದ್ರು, ಊರಿಗೆ ಊರೇ ಬಂತು. ಅಂಥ ದಿನ ಮತ್ತ ಮತ್ತ ಬರಂಗಿಲ್ಲ. ಆದ್ರ ದೊಡ್ಡ ಕಾರ್ಖಾನೆಗೆ ಪರಿಸರ ಅನುಮತಿ ಕೊಡೋ ಮುಂಚೆ ಸಾರ್ವಜನಿಕ ಅಹವಾಲು ಸಭೆ ಅಂತ ಆಗ್ತದ, 30 ದಿನ ಮೊದಲು ನೋಟಿಸ್ ಕೊಡ್ಬೇಕು, ಯಾರು ಬೇಕಾದ್ರೂ ಲಿಖಿತ ಆಕ್ಷೇಪಣೆ ಸಲ್ಲಿಸ್ಬಹುದು. ಬಿಎಸ್ಸಿ ಕೆಮಿಸ್ಟ್ರಿ ಓದೋ ಹುಡುಗ್ರು ಕಾರ್ಖಾನೆಯಿಂದ ಪರಿಸರಕ್ಕ ಏನಾಗ್ತದ ಅಂತ ಬರದ ಇನ್ನೂರು, ಮುನ್ನೂರು ಪೇಜಿನ ವರದಿ ಓದಿ, ಧೂಳಿನ ಲೆಕ್ಕ ಎಲ್ಲಿ ತಪ್ಪ್ಯಾದ ಅಂತ ಬರದು ಕೊಟ್ರ ಊರಿಗೆ ಎಷ್ಟು ಬಲ ಬರ್ತದ ಯೋಚನೆ ಮಾಡ್ರಿ. ನೀವು ಓದಾಕತ್ತಿದ್ದು ಅಲ್ಲಿ ಉಪಯೋಗಕ್ಕ ಬರ್ಬೇಕು.

ಇಲ್ಲಿ ತನಕ ಬ್ಯಾರೆಯವ್ರನ್ನ ಕೇಳೋ ಮಾತಾತು. ಈಗ ನಮ್ಮನ್ನ ನಾವು ಕೇಳ್ಕೊಳ್ಳೋದು, ಇದು ಕಠಿಣ. ಗಂಗಾವತಿ ತಾಲ್ಲೂಕಿನ ಮರಕುಂಬಿ ನಿಮಗೆಲ್ಲ ಗೊತ್ತು. 2014ರಾಗ ದಲಿತರ ಮನಿಗಳಿಗೆ ಬೆಂಕಿ ಹಚ್ಚಿದ್ರು, ಕ್ಷೌರದಂಗಡಿ, ಹೋಟೆಲ್ ಒಳಗ ಬಿಟ್ಕೊಳ್ಳೋದಿಲ್ಲ ಅನ್ನೋದನ್ನ ಅವ್ರು ಪ್ರಶ್ನೆ ಮಾಡಿದ್ರು ಅಂತ. 2024ರ ಅಕ್ಟೋಬರ್ 24ಕ್ಕ ಕೊಪ್ಪಳ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಡ್ತು. ಹತ್ತು ವರ್ಷ ಸಾಕ್ಷಿ ಹೇಳೋರು ಗಟ್ಟಿಯಾಗಿ ನಿಂತದ್ದಕ್ಕ ಬಂದ ತೀರ್ಪದು. ನಿಮ್ಮ ನಿಮ್ಮ ಊರಿನ ಹೋಟೆಲ್‌ನಾಗ ಇವತ್ತೂ ಯಾರ ಕೈಗೆ ಪ್ಲಾಸ್ಟಿಕ್ ಕಪ್ಪು, ಯಾರ ಕೈಗೆ ಗ್ಲಾಸು ಅನ್ನೋದು ನಿಮಗ ಗೊತ್ತದ. ಆ ಊರಿಂದಲೇ ಬಂದ ಹುಡುಗ್ರು ಇಲ್ಲಿ ಒಂದೇ ಬೆಂಚಿನಾಗ ಕುಂದರ್ತಾರ, ಒಂದೇ ಬಾಟಲಿ ನೀರು ಕುಡಿತಾರ, ಶನಿವಾರ ಊರಿಗೆ ಹೋದ ಕೂಡ್ಲೇ ಹಳೇ ಲೆಕ್ಕಕ್ಕ ಇಳಿತಾರ. ಇಲ್ಲಿ ಕಟ್ಟಿದ ದೋಸ್ತಿನ ಊರ ತನಕ ಒಯ್ಯೋ ಧೈರ್ಯ ಮಾಡ್ರಿ, ಗೆಳೆಯನ್ನ ಮನಿಗೆ ಊಟಕ್ಕ ಕರೀರಿ, ಅಡಿಗಿ ಮನಿ ಪಡಸಾಲಿಯೊಳಗ ಕುಂದ್ರಿಸಿ ಉಣಸ್ರಿ. ಹತ್ತು ಪ್ರತಿಭಟನೆಗಿಂತ ಅದು ಕಷ್ಟ ಅನ್ನೋದು ನನಗ ಗೊತ್ತದ, ಅದಕ್ಕ ಕೇಳಾಕತ್ತೀನಿ.

ದೇವದಾಸಿ ಪದ್ಧತಿ ನಿಷೇಧ ಕಾನೂನು 1982ರಾಗೇ ಬಂತು, ಆದ್ರ ಆ ತಾಯಂದಿರ ಮಕ್ಕಳು ಈಗ ನಮ್ಮ ಕಾಲೇಜ್‌ಗಳಾಗ ಓದಾಕತ್ತ್ಯಾರ. ಒಂದು ಕಾಲೇಜಿನ ಅಡ್ಮಿಶನ್ ಕೌಂಟರ್‌ನಾಗ ಕ್ಲರ್ಕ್ ಎಲ್ಲರಿಗೂ ಕೇಳಂಗ "ಅಪ್ಪನ ಹೆಸರೇನು, ಇಲ್ಲಂದ್ರ ಯಾಕಿಲ್ಲ" ಅಂತ ಕೇಳಿದ್ದಕ್ಕ ಒಂದು ಹುಡುಗಿ ಫಾರಂ ಬಿಟ್ಟು ಹೊರಗ ಹೋದ್ಲು. ಲೈನಿನಾಗ ಹಿಂದ ನಿಂತಿದ್ದ ಸೀನಿಯರ್‌ಗಳು ಆಕೀನ್ನ ಕರ್ಕೊಂಡು ಬಂದು, ಪ್ರಿನ್ಸಿಪಾಲರ ಹತ್ರ ಹೋಗಿ, ಇಂಥ ಮಾತು ಕೌಂಟರ್‌ನಾಗ ಕೇಳಬ್ಯಾಡ್ರಿ, ಒಳಗ ಒಬ್ರು ಮೇಡಂ ಕುಂತು ಕೇಳ್ಲಿ, ತಾಯಿ ಹೆಸರು ಬರದ್ರ ಸಾಕು ಅನ್ರಿ ಅಂತ ಒಪ್ಪಿಸಿದ್ರು. ಘೋಷಣೆ ಇಲ್ಲ, ಪೇಪರ್‌ನಾಗ ಬರಲಿಲ್ಲ. ಮುಂದಿನ ವರ್ಷದಿಂದ ಆ ಕೌಂಟರ್‌ನಾಗ ಯಾರೂ ಹಂಗ ಕೇಳಿಲ್ಲ.

ಯಾವ ಸಂಘಟನೆ ಸೇರ್ಬೇಕು ಅಂತ ಆಗಲೇ ಒಬ್ಬ ತಮ್ಮ ಚೀಟಿ ಕಳಿಸ್ಯಾನ. ಎಸ್‌ಎಫ್‌ಐ, ಎಬಿವಿಪಿ, ಎಐಡಿಎಸ್‌ಒ, ಎನ್‌ಎಸ್‌ಯುಐ ಎಲ್ಲಾ ನಿಮ್ಮ ಸುತ್ತ ಅದಾವ, ನಾ ಹೆಸರು ಹೇಳಂಗಿಲ್ಲ, ಅದು ನಿನ್ನ ವಿಚಾರಕ್ಕ ಬಿಟ್ಟದ್ದು. ಆದ್ರ ಸೇರೋ ಮುಂಚೆ ನೋಡು, ಅವ್ರು ಕೂಡ್ಸಿದ ರೊಕ್ಕದ ಲೆಕ್ಕ ಎಲ್ಲರ ಮುಂದ ಓದ್ತಾರೋ ಇಲ್ಲೋ. ಹುಡುಗೇರು ಫೋಟೋಕ್ಕ ಬ್ಯಾನರ್ ಹಿಡಿಯಾಕ ಅಷ್ಟೇ ಅದಾರೋ, ಮೈಕ್ ಹಿಡ್ಕೊಂಡು ಅಧಿಕಾರಿ ಜೋಡಿ ಮಾತಾಡೋರೂ ಅವ್ರೋ. ತಮಗ ಬೇಕಾದ ಪಾರ್ಟಿ ಅಧಿಕಾರದಾಗ ಇದ್ದಾಗ ಸ್ಕಾಲರ್‌ಶಿಪ್ ತಡ ಆದ್ರ ಆಗೂ ಬೀದಿಗೆ ಬರ್ತಾರೋ ಇಲ್ಲೋ. ಆಮ್ಯಾಲ ಸೇರು.

ಕಡೀ ವಿಷಯ, ನಿಮ್ಮ ಆಯುಷ್ಯ ಇಲ್ಲಿ ಆರು ಸೆಮಿಸ್ಟರ್. ಆಫೀಸಿನವ್ರಿಗೆ ಅದು ಚೆನ್ನಾಗಿ ಗೊತ್ತದ, ಈ ಬ್ಯಾಚ್ ಹೋಗ್ತದ, ಕೇಳೋರು ಹೋಗ್ತಾರ ಅಂತ. ಅದಕ್ಕ ಐದನೇ ಸೆಮಿಸ್ಟರ್‌ನಾಗ ಇದ್ದವ್ರು ಮೂರನೇ ಸೆಮಿಸ್ಟರ್‌ನ ಇಬ್ಬರು ಹುಡುಗೇರು, ಇಬ್ಬರು ಹುಡುಗ್ರನ್ನ ಈಗಿನಿಂದಲೇ ಪ್ರತಿ ಆಫೀಸಿಗೆ ಜೋಡಿ ಕರ್ಕೊಂಡು ಹೋಗ್ರಿ. ಒಂದು ಬಾಕ್ಸ್ ಫೈಲ್ ಮಾಡ್ರಿ, ಸೀಲ್ ಬಿದ್ದ ಮನವಿ, ಬಂದ ಉತ್ತರ, ಮಾಹಿತಿ ಹಕ್ಕಿನ ಅರ್ಜಿ, ನೋಟ್‌ಬುಕ್, ಯಾವ ಅಧಿಕಾರಿ ಯಾವತ್ತು ಏನಂದ್ರು ಅನ್ನೋ ಒಂದು ಹಾಳಿ. ಮೊಬೈಲ್‌ನಾಗ ಇಟ್ರ ಮೊಬೈಲ್ ಜೋಡಿ ಹೋಗ್ತದ, ಕಾಗದದಾಗ ಇಡ್ರಿ, ಒಂದು ಜೆರಾಕ್ಸ್ ಸೆಟ್ ನಿಮ್ಮ ಮ್ಯಾಲ ಅಂತಃಕರಣ ಇರೋ ಒಬ್ಬ ಲೆಕ್ಚರರ್ ಹತ್ರ ಇರ್ಲಿ.

ಈಗ ದೇವದುರ್ಗ ರೂಟಿನವ್ರು, ಮಾನ್ವಿ ರೂಟಿನವ್ರು ಇಲ್ಲೇ ಕುಂದರ್ರಿ, ಊರಿಗೊಂದು ಗುಂಪಾಗಿ. ನಾ ಬಿಳಿ ಹಾಳಿ ತಂದೀನಿ, ಇವತ್ತಿನ ಬೆಳಗಿನ ಬಸ್ಸಿನಿಂದಲೇ ಬರಿಯಾಕ ಶುರು ಮಾಡೋಣು.